ಡಬ್ಬಿಯೊಳಗಿನ ಶೇವಂತೆವ್ವ

ತಾಂಬಾದ ಬಸ್ ನಿಲ್ದಾಣದ ಎದುರಿಗೆ ಕಾಂತುವಿನ ಫೋಟೋ ಸ್ಟುಡಿಯೋ ಇದೆ. ಅದರ ಒಂದು ಮಗ್ಗುಲಿಗೆ ಅಶ್ಫಾಕನ ಮೊಬೈಲ್ ರಿಪೇರಿ ಅಂಗಡಿ, ಇನ್ನೊಂದು ಮಗ್ಗುಲಿಗೆ ಬಸಣ್ಣನ ಚಹಾದಂಗಡಿ. ಕಾಂತು ಕೆಟ್ಟ ಮನುಷ್ಯನಲ್ಲ. ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡವರ ಕಣ್ಣನ್ನು ಅವರು ಕೇಳದಿದ್ದರೂ ತೆರೆಸಿಕೊಡುವಷ್ಟು, ಹಲ್ಲು ಬಿದ್ದ ಬೀಗರ ತುಟಿ ಮುಚ್ಚಿಸಿಕೊಡುವಷ್ಟು ಒಳ್ಳೆಯವನೇ. ಅವನಿಗಿದ್ದದ್ದು ಒಂದೇ ರೋಗ. ಅವನ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು.

ಸುತ್ತಲಿನ ಊರುಗಳಲ್ಲಿ ಎಲ್ಲರ ಕಂಪ್ಯೂಟರೂ ವಿಂಡೋಸಿನ ಮೇಲೆ ನಡೆಯುತ್ತವೆ. ಕಾಂತುವಿನದೂ ಹಾಗೇ ನಡೆಯುತ್ತಿತ್ತು. ಒಂದು ಬೇಸಿಗೆಯಲ್ಲಿ ಅದಕ್ಕೆ ವೈರಸ್ ಹೊಕ್ಕು ಆ ಹಂಗಾಮಿನ ಅಷ್ಟೂ ಮದುವೆಗಳನ್ನು ತಿಂದುಹಾಕಿತು. ಗಂಡ ಹೆಂಡಿರು ಇದ್ದರು, ತಾಳಿ ಇತ್ತು, ಫೋಟೋ ಮಾತ್ರ ಇರಲಿಲ್ಲ. ಆಗ ಕಾಂತು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ವಿಂಡೋಸನ್ನು ಕಿತ್ತು ಲಿನಕ್ಸ್ ಹಾಕಿಕೊಂಡ. ಇದಕ್ಕೆ ವೈರಸ್ ತಗಲುವುದಿಲ್ಲವೆಂದು ವಿಡಿಯೋದವನು ಹೇಳಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದವರನ್ನು ಸ್ಟೂಲಿನ ಮೇಲೆ ಕೂಡಿಸಿ, ಗದ್ದ ಎತ್ತಿಸಿ, ಅವರು ಅಲುಗಾಡಬಾರದ ಆ ಹೊತ್ತನ್ನು ನೋಡಿಕೊಂಡು ಲಿನಕ್ಸಿನ ಮಹಿಮೆ ಹೇಳತೊಡಗಿದ. ಬಾಗಿಲ ಗಾಜಿನ ಮೇಲೆ ‘ಇಲ್ಲಿ ವೈರಸ್ ಇಲ್ಲ’ ಎಂದು ಬರೆಸಿದ. ಆಶಾ ಕಾರ್ಯಕರ್ತೆ ಬಂದು, ಇದನ್ನು ಪರೀಕ್ಷೆ ಮಾಡಿದವರು ಯಾರು ಎಂದು ಕೇಳಿದ ಮೇಲೆ ಅದನ್ನು ಅಳಿಸಿ ‘ನಿಮ್ಮ ನೆನಪು ನಮ್ಮಲ್ಲಿ ಭದ್ರ’ ಎಂದು ಬರೆಸಿದ.

ಆ ನೆನಪುಗಳೆಲ್ಲ ಇದ್ದದ್ದು ಅಂಗೈ ಅಗಲದ ಒಂದು ಕಪ್ಪು ಡ್ರೈವಿನಲ್ಲಿ. ಊರಿನವರು ಅದನ್ನು ಡಬ್ಬಿ ಎನ್ನುತ್ತಿದ್ದರು. ತಂತಿ ಹಚ್ಚಿ ಕಂಪ್ಯೂಟರಿಗೆ ಜೋಡಿಸಿದರೆ ಡಬ್ಬಿಯ ತುದಿಗೆ ನೀಲಿ ದೀಪ ಹತ್ತಿ, ಇಂಡಿಯಿಂದ ಸಿಂದಗಿಯವರೆಗಿನ ಮದುವೆ, ತೊಟ್ಟಿಲು, ಬಸುರಿಯರ ಕುಬಸಗಳೆಲ್ಲ ಪರದೆಯ ಮೇಲೆ ಬಂದು ನಿಲ್ಲುತ್ತಿದ್ದವು. ದಸರೆಯ ಖಂಡೆ ಪೂಜೆಯಲ್ಲಿ ಒಕ್ಕಲಿಗರು ಕುಡಗೋಲು, ಕುಂಟೆ ಇಟ್ಟು ಪೂಜಿಸುವಂತೆ ಕಾಂತು ಕ್ಯಾಮೆರಾದ ಪಕ್ಕಕ್ಕೆ ಡಬ್ಬಿಯನ್ನೂ ಇಟ್ಟು, ಭಂಡಾರದ ಅರಿಸಿನಪುಡಿ, ಕುಂಕುಮ ಧಾರಾಳವಾಗಿ ಏರಿಸಿದ್ದ.

ದೀಪಾವಳಿ ಮುಗಿದ ವಾರ ಶೇವಂತೆವ್ವ ತೀರಿಕೊಂಡಳು.

ಶೇವಂತೆವ್ವನ ಮಗ ಸೋಮನಿಂಗ ನಿಂಬೆ ತೋಟದವನು, ಗ್ರಾಮ ಪಂಚಾಯಿತಿಯ ಸದಸ್ಯ. ತಾಯಿಯ ಮಣ್ಣು ಮುಗಿಸಿ ಬಂದವನು ಮೊದಲು ಯೋಚಿಸಿದ್ದು ಫ್ಲೆಕ್ಸಿನ ವಿಷಯ. ಈಗಿನ ದಿನಮಾನದಲ್ಲಿ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಏಳದೆ ಸತ್ತವರನ್ನು ಪೂರ್ತಿ ಸತ್ತವರೆಂದು ಯಾರೂ ಒಪ್ಪುವುದಿಲ್ಲ. ದುಃಖತಪ್ತರು ತಮ್ಮ ತಮ್ಮ ಫೋಟೋಗಳನ್ನು ಚಹಾ ಆರುವುದರೊಳಗೆ ವಾಟ್ಸಾಪಿನಲ್ಲಿ ಕಳಿಸಿಕೊಟ್ಟರು. ಒಬ್ಬ ತಂಪು ಕನ್ನಡಕದಲ್ಲಿದ್ದ, ಒಬ್ಬ ಬುಲೆಟ್ ಗಾಡಿಯ ಮೇಲಿದ್ದ. ಬಾರದೆ ಉಳಿದದ್ದು ಸತ್ತವಳ ಫೋಟೋ ಒಂದೇ.

ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಂಡರೆ ಆಯುಷ್ಯ ಸೋರುತ್ತದೆಂದು ಶೇವಂತೆವ್ವ ನಂಬಿದ್ದಳು. ಯಾರಾದರೂ ಮೊಬೈಲ್ ಎತ್ತಿದರೆ ಸೆರಗೆಳೆದು ಮುಖ ಮುಚ್ಚಿಕೊಳ್ಳುತ್ತಿದ್ದಳು. ಆಧಾರ್ ಕಾರ್ಡಿನಲ್ಲಿ ಒಂದು ಮುಖವಿತ್ತು, ನಿಜ. ಆದರೆ ಅದನ್ನು ಬಾಗಿಲಷ್ಟು ದೊಡ್ಡದು ಮಾಡಿ ಬಸ್ ನಿಲ್ದಾಣದಲ್ಲಿ ನಿಲ್ಲಿಸಿದರೆ ಜನ ಕೈಮುಗಿಯುವ ಬದಲು ಪೊಲೀಸರಿಗೆ ಸುದ್ದಿ ಮುಟ್ಟಿಸುವಂತಿತ್ತು. ಉಳಿದದ್ದು ಈ ವರ್ಷದ ಬೇಸಿಗೆಯಲ್ಲಿ ಲಚ್ಯಾಣದಲ್ಲಿ ಆದ ಮೊಮ್ಮಗಳು ಪಲ್ಲವಿಯ ಮದುವೆ. ಅಲ್ಲಿ ಕಾಂತುವಿನ ಮೂರು ಕಾಲಿನ ಕ್ಯಾಮೆರಾ, ಕೊಡೆಯಂಥ ದೀಪ ನೋಡಿ ಇದು ಮರ್ಯಾದೆಯ ವಸ್ತು ಎನ್ನಿಸಿ, ಶೇವಂತೆವ್ವ ಒಂದು ಗಳಿಗೆ ಸೆರಗು ಎಳೆಯದೆ ಕೂತಿದ್ದಳಂತೆ. ಆಲ್ಬಮ್ಮಿಗೆ ಫೋಟೋ ಆರಿಸಲು ಬರುತ್ತೇನೆಂದು ಸೋಮನಿಂಗ ಹೇಳುತ್ತಲೇ ಇದ್ದ, ಬಂದಿರಲಿಲ್ಲ. ಹೀಗಾಗಿ ಅವನ ತಾಯಿಯ ಮುಖ ಭೂಮಿಯ ಮೇಲೆ ಉಳಿದದ್ದು ಕಾಂತುವಿನ ಡಬ್ಬಿಯೊಳಗೆ ಮಾತ್ರ.

ಐದು ನಿಮಿಷದಲ್ಲಿ ತೆಗೆದುಕೊಡುತ್ತೇನೆಂದು ಕಾಂತು ತಂತಿ ಹಚ್ಚಿದ. ನೀಲಿ ದೀಪ ಹತ್ತಿತು. ಒಳಗೆ ಏನೋ ತಿರುಗುವ ಸಪ್ಪಳವೂ ಆಯಿತು. ಪರದೆಯ ಮೇಲೆ ಮದುವೆಗಳ ಬದಲು ಇಂಗ್ಲಿಷಿನ ನಾಲ್ಕು ಸಾಲು ಬಂದವು. ಕಾಂತುವಿಗೆ ಅದರಲ್ಲಿ ತಿಳಿದದ್ದು ‘ಅನೇಬಲ್ ಟು ಮೌಂಟ್’ ಎಂಬಷ್ಟೇ. ಲಿನಕ್ಸಿನಲ್ಲಿ ಡಬ್ಬಿ ಬಂದರೆ ಸಾಲದು. ಅದನ್ನು ಒಳಕ್ಕೆ ಕರೆದು ಒಂದು ಜಾಗದಲ್ಲಿ ಕೂಡಿಸಬೇಕು. ಅದಕ್ಕೆ ಮೌಂಟ್ ಎನ್ನುತ್ತಾರೆ. ಮುನಿದ ಬೀಗರು ಅಂಗಳದವರೆಗೆ ಬಂದು ನಿಂತು ಹೊಸ್ತಿಲು ದಾಟಲೊಲ್ಲರು ಎನ್ನುವ ಹಾಗಾಗಿತ್ತು. ಡಬ್ಬಿಯ ಹೆಸರು ಕಾಣುತ್ತಿತ್ತು, ಗಾತ್ರ ಕಾಣುತ್ತಿತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಕಾಂತು ತಂತಿ ಕಿತ್ತು ತಿರುಗಿ ಹಚ್ಚಿದ. ಊದಿದ. ಹಿಂದಿನ ತೂತು ಬಿಟ್ಟು ಮುಂದಿನ ತೂತಿಗೆ ಹಚ್ಚಿದ. ಡಬ್ಬಿಯನ್ನು ಮಗುವಿನ ಬೆನ್ನಿಗೆ ತಟ್ಟುವಂತೆ ಮೆಲ್ಲಗೆ ತಟ್ಟಿದ.

ಸೋಮನಿಂಗ ಹಿಂದೆ ನಿಂತು ಏನಾಯಿತೆಂದು ಕೇಳಿದ.

“ಲೋಡ್ ಆಗಾಕತ್ತೈತಿ ಅಣ್ಣಾರ,” ಎಂದ ಕಾಂತು.

ಡಬ್ಬಿ ತೆರೆಯುತ್ತಿಲ್ಲ ಎನ್ನುವುದು ಅದಕ್ಕಿಂತ ಸಣ್ಣ ಮಾತಾಗಿತ್ತು. ಆದರೆ ಗಾಜಿನ ಮೇಲಿನ ಅಕ್ಷರ ಅವನ ಬೆನ್ನಿಗೇ ಇತ್ತು. ಹೀಗಾಗಿ ಲೋಡ್ ಆಗುತ್ತಲೇ ಹೋಯಿತು.

ಮರುದಿನ ಮುಂಜಾನೆ ಕಾಂತು ಅಂಗಡಿ ತೆರೆಯುವುದಕ್ಕೂ ಮೊದಲೇ ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತಿದ್ದಳು. ಶೇವಂತೆವ್ವನ ತಂಗಿ ರೇವವ್ವ. ಮುದ್ದೇಬಿಹಾಳದ ಕಡೆಯ ಹಳ್ಳಿಗೆ ಕೊಟ್ಟವಳು. ಅಕ್ಕನ ಸುದ್ದಿ ತಿಳಿದು ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ, ಅಲ್ಲಿಂದ ವಿಜಯಪುರ, ಅಲ್ಲಿಂದ ಇಂಡಿ, ಹೀಗೆ ಬಸ್ಸಿನಿಂದ ಬಸ್ಸಿಗೆ ಇಳಿದು ಹತ್ತಿ ತಾಂಬಾ ಮುಟ್ಟುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಅಕ್ಕ ತಂಗಿಯರ ನಡುವೆ ಮಾತು ನಿಂತು ಬಹಳ ವರ್ಷಗಳಾಗಿದ್ದವು. ಸೋಮನಿಂಗನ ಮದುವೆಯಲ್ಲಿ ರೇವವ್ವ ಉಡುಗೊರೆಯಾಗಿ ಆಯೇರಿ ಮಾಡಿದ ಸೀರೆ ತೆಳ್ಳಗಿದೆ ಎಂದು ಶೇವಂತೆವ್ವ ನಾಲ್ಕು ಜನರೆದುರು ಅದನ್ನು ಬಿಸಿಲಿಗೆ ಹಿಡಿದು ತೋರಿಸಿದ್ದಳು. ಅಂದಿನಿಂದ ಒಬ್ಬಳು ಇದ್ದ ಕಡೆ ಇನ್ನೊಬ್ಬಳು ಬೆನ್ನು ಮಾಡಿ ಕೂತವಳು. ಪಲ್ಲವಿಯ ಮದುವೆಗೆ ಇಬ್ಬರೂ ಬಂದಿದ್ದರು. ಹಂದರದ ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಇನ್ನು ಮಾತಾಡಿದರಾಯಿತು ಎಂದು ಯಾವಾಗಾದರೂ ಅನ್ನಿಸಿತ್ತೋ ಏನೋ, ಅದನ್ನು ರೇವವ್ವ ಯಾರಿಗೂ ಹೇಳಲಿಲ್ಲ. ಬಂದ ಮೇಲೆ ಅಳಲೂ ಇಲ್ಲ. ಅಕ್ಕನ ಮಾರಿ ನೋಡಬೇಕಿತ್ತು ಎಂದಳಂತೆ, ಅಷ್ಟೇ. ಸೋಮನಿಂಗ, ಕಾಂತುವಿನ ಹತ್ತಿರ ಇದೆ, ಹೋಗಿ ನೋಡು ಚಿಗವ್ವಾ ಎಂದು ಕಳಿಸಿದ್ದ.

ಅವಳು ಒಳಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಇನ್ನೂ ಲೋಡ್ ಆಗುತ್ತಿದೆ ಎಂದು ಕಾಂತು ಹೇಳಿದ.

“ಆಗ್ಲಿ ತಮ್ಮಾ, ಕುಂಡ್ರತೇನಿ,” ಎಂದಳು.

ಸಂಜೆಯವರೆಗೂ ಕೂತಳು. ಮಾರನೆಯ ದಿನವೂ ಬಂದಳು. ಅವಳು ಎದ್ದುಹೋಗದ ಹೊರತು ಬೇರೆ ಯಾರಿಗೂ ಸ್ಟೂಲು ಸಿಗುವಂತಿರಲಿಲ್ಲ. ಫೋಟೋಕ್ಕೆ ಬಂದ ಕಾಲೇಜಿನ ಹುಡುಗಿಯರು ನಿಂತೇ ಹೊಡೆಸಿಕೊಂಡು ಹೋದರು. ನೀಲಿ ದೀಪ ಮಿಣುಗಿದಾಗೊಮ್ಮೆ ರೇವವ್ವ ಪರದೆಯತ್ತ ಕತ್ತು ಚಾಚುವಳು. ಕಾಂತು ತಂತಿ ಕಿತ್ತು ಮತ್ತೆ ಹಚ್ಚುವನು.

ಅಷ್ಟರಲ್ಲಿ ಸೋಮನಿಂಗನಿಗೆ ನಿಜ ಕಾರಣ ಹೊಳೆದಿತ್ತು. ಮುಂದಿನ ಪಂಚಾಯಿತಿ ಚುನಾವಣೆಯಲ್ಲಿ ತನ್ನ ಎದುರಿಗೆ ನಿಲ್ಲುವವರು ಕಾಂತುವನ್ನು ಒಳಗೆ ಹಾಕಿಕೊಂಡು, ತನ್ನ ತಾಯಿಯ ಫ್ಲೆಕ್ಸ್ ಏಳದಂತೆ ತಡೆದಿದ್ದಾರೆ. ಇದನ್ನು ಅವನು ಬಸಣ್ಣನ ಚಹಾದಂಗಡಿಯಲ್ಲಿ ಹೇಳಿದ. ಎದುರು ಪಾರ್ಟಿಯವರು ಅಲ್ಲಿಯೇ ಚಹಾ ಕುಡಿಯುತ್ತಿದ್ದರು. ಅವರಿಗೂ ಇದು ತಮ್ಮದೇ ಯುಕ್ತಿ ಇದ್ದೀತು ಎನ್ನಿಸಿ, ಮೀಸೆ ಸವರಿಕೊಂಡು ಸುಮ್ಮನೆ ಕೂತರು.

ಕಾಂತು ಕಡೆಗೆ ಅಶ್ಫಾಕನನ್ನು ಹಿಂಬಾಗಿಲಿನಿಂದ ಕರೆದ. ಅಶ್ಫಾಕ ಡಬ್ಬಿಯನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ತಂತಿ ಸೇರುವ ತೂತಿನಲ್ಲಿ ಗಟ್ಟಿಯಾಗಿ ಕೂತಿದ್ದ ಭಂಡಾರವನ್ನು ಸೂಜಿಯಿಂದ ಕೆದಕಿ ತೆಗೆದ. ಅದರ ಹಿಂದೆ ಕುಂಕುಮ ಬಂತು. ಒಂದು ಅಕ್ಕಿಕಾಳು ಬಂತು. ಬಾಗಿಲಲ್ಲಿ ಇಣುಕಿ ನಿಂತಿದ್ದ ಬಸಣ್ಣನಿಗೆ ಎಲ್ಲ ಅರ್ಥವಾಯಿತು. ಪೂಜೆ ಹೆಚ್ಚಾದರೆ ದೇವರಿಗೂ ಉಸಿರು ಕಟ್ಟುತ್ತದೆ ಎಂದು ಹೇಳಿ ಅವನು ಅದನ್ನು ಊರಿಗೆಲ್ಲ ಹಂಚಲು ಹೋದ. ಅಶ್ಫಾಕ ಸ್ಪಿರಿಟ್ಟಿನಿಂದ ತೊಳೆದು ಒರೆಸಿ, ಹೊಸ ತಂತಿ ಹಚ್ಚಿದ. ದೀಪ ಮೊದಲಿಗಿಂತ ಚೊಕ್ಕವಾಗಿ ಹತ್ತಿತು. ಪರದೆಯ ಮೇಲೆ ಅವೇ ನಾಲ್ಕು ಸಾಲು ಬಂದವು.

“ಡಬ್ಬಿ ಚಲೋ ಐತಲೇ ಕಾಂತ್ಯಾ,” ಎಂದ ಅಶ್ಫಾಕ. “ನನ್ನ ಲ್ಯಾಪ್‌ಟಾಪಿಗೆ ಹಚ್ಚಿ ನೋಡೂಣೇನು? ವಿಂಡೋಸ್ ಐತಿ.”

ಜಾಣನಾದವನು ಇಲ್ಲಿ ಹ್ಞೂ ಎನ್ನುತ್ತಿದ್ದ. ನಮ್ಮ ಕಥೆಯೂ ಇಲ್ಲಿಗೆ ಮುಗಿದು ಎಲ್ಲರೂ ಅವರವರ ಮನೆಗೆ ಹೋಗುತ್ತಿದ್ದರು. ಆದರೆ ವಿಂಡೋಸಿಗೆ ಹಚ್ಚುವುದೆಂದರೆ ಇಷ್ಟು ದಿನ ಸ್ಟೂಲಿನ ಮೇಲೆ ಗದ್ದ ಎತ್ತಿ ಕೂತ ಅಷ್ಟೂ ಜನರೆದುರು ಸೋತಂತೆ. ವೈರಸ್ ಬರ್ತೈತಿ, ಬ್ಯಾಡ ಎಂದ ಕಾಂತು. ತನ್ನ ಲ್ಯಾಪ್‌ಟಾಪಿಗೆ ಮೈಲಿಗೆ ಹಚ್ಚಿದನೆಂದು ಅಶ್ಫಾಕನಿಗೆ ಬೇಜಾರಾಗಿ, ಅಕ್ಕಿಕಾಳನ್ನು ಕಾಂತುವಿನ ಅಂಗೈಗೆ ಹಾಕಿ ಎದ್ದುಹೋದ.

ಮುಂದೆ ಬಂದವನು ಗ್ರಾಮ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಸಂಜೀವಕುಮಾರ. ಅವನನ್ನು ಸೋಮನಿಂಗನೇ ಕಳಿಸಿದ್ದ. ಊರಿನವರ ಯಾವುದೇ ಕೆಲಸ ಕಂಪ್ಯೂಟರಿನಲ್ಲಿ ನಿಂತರೂ ‘ಸರ್ವರ್ ಇಲ್ಲ’ ಎಂದು ಹೇಳಿ ಕಳಿಸುವುದು ಅವನ ವೃತ್ತಿ. ಅವನು ಡಬ್ಬಿಯನ್ನು ಮುಟ್ಟದೆ, ದೂರದಿಂದಲೇ ನೋಡಿ, ಸರ್ವರ್ ಇಲ್ಲ ಎಂದ. ಇದಕ್ಕೆ ಸರ್ವರ್ ಇರುವುದಿಲ್ಲ ಎಂದು ಕಾಂತು ಹೇಳಿದ್ದಕ್ಕೆ, ಅದಕ್ಕೇ ನಡೆಯುತ್ತಿಲ್ಲ ಎಂದು ತಲೆಯಾಡಿಸಿದ. ಆಮೇಲೆ ರೇವವ್ವ ತನ್ನನ್ನೇ ನೋಡುತ್ತ ಕೂತಿದ್ದನ್ನು ಕಂಡು ಸುಮ್ಮನೆ ಏಳಲು ಮನಸ್ಸಾಗದೆ, ಕುರ್ಚಿ ಎಳೆದುಕೊಂಡು ಮೊಬೈಲಿನಲ್ಲಿ ಹುಡುಕಿದ. ಕಂಪ್ಯೂಟರ್ ಮುಂಜಾನೆ ಏಳುವಾಗ ಯಾವ ಯಾವ ಡಿಸ್ಕನ್ನು ಎಲ್ಲಿ ಕೂಡಿಸಬೇಕೆಂದು ಓದಿಕೊಳ್ಳುವ ಒಂದು ಕಡತ ಲಿನಕ್ಸಿನಲ್ಲಿರುತ್ತದೆ. ಅದರಲ್ಲಿ ಡಬ್ಬಿಯ ಹೆಸರು ಬರೆದುಬಿಟ್ಟರೆ, ಅದು ಒಪ್ಪಲಿ ಬಿಡಲಿ, ಕೂಡಲೇಬೇಕಾಗುತ್ತದೆ ಎಂದು ಅವನು ತೀರ್ಮಾನಿಸಿದ. ಸರಕಾರಿ ಮನುಷ್ಯ, ಹೆಸರು ಪಟ್ಟಿಗೆ ಸೇರಿದ ಮೇಲೆ ಯಾರೂ ತಪ್ಪಿಸಿಕೊಳ್ಳಲಾರರೆಂದು ನಂಬಿದವನು. ಒಂದು ಸಾಲು ಬರೆದು, ಬಂದ್ ಮಾಡಿ ಚಾಲೂ ಮಾಡು ಎಂದ.

ಬಂದ್ ಆಯಿತು. ಚಾಲೂ ಆಗಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದು, ಎಮರ್ಜೆನ್ಸಿ ಮೋಡ್ ಎಂದು ನಿಂತುಬಿಟ್ಟವು. ಇಷ್ಟು ಹೊತ್ತು ಡಬ್ಬಿ ಒಂದೇ ಮುನಿದಿತ್ತು. ಈಗ ಕಂಪ್ಯೂಟರೂ ಅದರ ಪಕ್ಷಕ್ಕೆ ಸೇರಿತು. ಎಮರ್ಜೆನ್ಸಿ ಎಂದರೆ ತಡಮಾಡದೆ ವಿಜಯಪುರಕ್ಕೆ ಒಯ್ಯಬೇಕು ಎಂದು ಬಸಣ್ಣ ಸಲಹೆ ಕೊಟ್ಟ. ಸಂಜೀವಕುಮಾರ ಕಚೇರಿಯ ಹೊತ್ತಾಯಿತೆಂದು ಎದ್ದ. ಅಂದು ಭಾನುವಾರವಿತ್ತು.

ದಿನಕರ್ಮ ಹತ್ತಿರ ಬಂತು. ಸತ್ತವಳಿಗೆ ಎಡೆ ಹಿಡಿಯಲು ಎದುರಿಗೊಂದು ಮುಖ ಬೇಕು. ಸೋಮನಿಂಗ ಚಹಾದಂಗಡಿಯ ಬಾಂಕಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಎದುರಿಗೆ ರೇವವ್ವ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದಳು. ಬಸಣ್ಣ ಅವಳನ್ನೇ ದಿಟ್ಟಿಸಿ ನೋಡಿದ. ಅದೇ ಮೂಗು, ಅದೇ ಗದ್ದ, ಹುಬ್ಬಿನ ನಡುವೆ ಅದೇ ಗಂಟು. ಬಸಣ್ಣನಿಗೆ ಹೊಳೆದದ್ದನ್ನು ಅವನು ಕಾಂತುವಿನ ಕಿವಿಯಲ್ಲಿ ಹೇಳಿದ. ಕಾಂತು ಸೋಮನಿಂಗನ ಕಿವಿಯಲ್ಲಿ ಹೇಳಿದ. ಲೋಡ್ ಆಗುವುದು ತಡವಾಗುತ್ತದೆ, ಅಲ್ಲಿಯವರೆಗೆ ಇದನ್ನೇ ನಡೆಸೋಣ ಎಂದ.

ರೇವವ್ವ ಮೊದಲು ಒಪ್ಪಲಿಲ್ಲ. ಬದುಕಿದ್ದವರ ಫೋಟೋಕ್ಕೆ ಮಾಲೆ ಹಾಕಬಾರದೆಂದು ಊರ ಹೆಂಗಸರೂ ಹೇಳಿದರು. ಆದರೆ ಎಡೆಯ ಮುಂದೆ ಬರಿ ಗೋಡೆ ಇರುತ್ತದೆ ಚಿಗವ್ವಾ ಎಂದು ಸೋಮನಿಂಗ ಹೇಳಿದಾಗ, ಅವಳು ಅಕ್ಕನ ಇಳಕಲ್ ಸೀರೆ ತರಲು ಹೇಳಿದಳು. ಶೇವಂತೆವ್ವನ ಸೀರೆ, ಬೋರಮಾಳ ಸರ ಬಂದವು. ಹಣೆಯ ತುಂಬ ವಿಭೂತಿ ಬಳಿದರು. ಗಿರಾಕಿಗಳು ತಲೆ ಬಾಚಿಕೊಳ್ಳಲೆಂದು ಸ್ಟುಡಿಯೋದ ಗೋಡೆಗೆ ಒಂದು ದೊಡ್ಡ ಕನ್ನಡಿ ಇತ್ತು. ಸೆರಗು ಸರಿಮಾಡಿಕೊಳ್ಳಲು ಅತ್ತ ತಿರುಗಿದ ರೇವವ್ವ ಅಲ್ಲೇ ನಿಂತುಬಿಟ್ಟಳು.

ಕಾಂತು, ಇತ್ತ ನೋಡ್ರಿ ಆಯಿ ಎಂದ. ಅವಳಿಗೆ ಕೇಳಿಸಲಿಲ್ಲ.

“ತೆಳ್ಳಗಿತ್ತು,” ಎಂದಳು ರೇವವ್ವ, ಕನ್ನಡಿಗೆ. “ಇಲ್ಲ ಅನ್ನಂಗಿಲ್ಲ ಯಕ್ಕಾ. ಆ ವರ್ಷ ಮಳಿ ಹೋಗಿತ್ತು. ಅಂಗಡ್ಯಾಗ ಇದ್ದದ್ದರಾಗ ನಿನಗ ಅಂತ ನೋಡೇ ತಂದಿದ್ನಿ. ಬಿಸಲಿಗೆ ಯ್ಯಾಕ ಹಿಡಿದಿ?”

ಕನ್ನಡಿಯೊಳಗಿನವಳ ತುಟಿ ಒಂದಿಷ್ಟು ಅದುರಿ, ನಗುವಂತೆಯೂ ಆಯಿತು. ಕಾಂತು ಮೆಲ್ಲಗೆ ಕ್ಯಾಮೆರಾ ಎತ್ತಿ ಕನ್ನಡಿಯ ಪಕ್ಕಕ್ಕೆ ಹೋಗಿ ನಿಂತು ಒತ್ತಿದ. ಅವನು ಆವರೆಗೆ ತೆಗೆದ ಫೋಟೋಗಳಲ್ಲಿ ತಿದ್ದಬೇಕಾಗಿಲ್ಲದ್ದು ಅದೊಂದೇ ಇರಬೇಕು.

ಇಂಡಿಯಲ್ಲಿ ಫ್ಲೆಕ್ಸ್ ಛಾಪಿಸಿ ತಂದು ಬಸ್ ನಿಲ್ದಾಣದಲ್ಲಿ ನಿಲ್ಲಿಸಿದರು. ಬಹಳ ಚೆನ್ನಾಗಿ ಬಂದಿತ್ತು. ಶೇವಂತೆವ್ವ ಇದ್ದಾಗ ಯಾರನ್ನೂ ಅಷ್ಟು ಪ್ರೀತಿಯಿಂದ ನೋಡಿದವಳಲ್ಲವೆಂದು ನೆರೆಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಸೋಮನಿಂಗನ ಹಿಂಬಾಲಕರು ಅದರ ಫೋಟೋ ತೆಗೆದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿಕೊಂಡರು. ಅಲ್ಲಿಂದ ಅದು ಇಂಡಿಗೆ, ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಬಸವನ ಬಾಗೇವಾಡಿಗೆ ಮುಟ್ಟಿತು. ಬಸವನ ಬಾಗೇವಾಡಿಯಲ್ಲಿ ರೇವವ್ವನ ಮಗಳು ಸುವರ್ಣಾ ಇದ್ದಳು, ಅವಳ ಗಂಡ ಯಂಕಪ್ಪ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಸ್ಟೇಟಸ್ಸಿನಲ್ಲಿ ಹೆಸರು ಓದುವವರು ಯಾರು? ಮುಖ ನೋಡಿದರೆ ಸಾಕು. ದೊಡ್ಡವ್ವನ ದಿನಕರ್ಮಕ್ಕೆಂದು ಹೋಗಿ ಉಳಿದ ತಾಯಿಯೂ ಹೋದಳೆಂದು ಸುವರ್ಣಾ ನೆಲಕ್ಕೆ ಕೂತಳು. ರೇವವ್ವನಿಗೆ ಫೋನ್ ಹಚ್ಚೋಣವೆಂದರೆ ಅವಳ ಹತ್ತಿರ ಫೋನಿರಲಿಲ್ಲ, ಮಾತು ಬಿಟ್ಟ ಮನೆಯ ಸೋಮನಿಂಗನ ನಂಬರು ಇವರ ಹತ್ತಿರ ಇರಲಿಲ್ಲ.

ಆ ಮಧ್ಯಾಹ್ನ ಒಂದು ಕ್ರೂಸರ್ ಗಾಡಿ ತಾಂಬಾದ ಬಸ್ ನಿಲ್ದಾಣಕ್ಕೆ ಬಂದು ನಿಂತಿತು. ಒಳಗಿನಿಂದ ಅಳು ಮೊದಲು ಇಳಿಯಿತು, ಜನ ಆಮೇಲೆ ಇಳಿದರು. ಸುವರ್ಣಾ ಫ್ಲೆಕ್ಸಿನ ಕಂಬ ತಬ್ಬಿಕೊಂಡು ಹಾಡಿಕೊಂಡು ಅಳತೊಡಗಿದಳು. ಯಂಕಪ್ಪ ಕೈಯಲ್ಲಿ ಮಾಲೆ ಹಿಡಿದುಕೊಂಡು, ಅಷ್ಟು ಎತ್ತರಕ್ಕೆ ಹಾಕುವುದು ಹೇಗೆಂದು ನಿಚ್ಚಣಿಕೆ ಹುಡುಕತೊಡಗಿದ. ಎದುರಿನ ಚಹಾದಂಗಡಿಯಲ್ಲಿ ರೇವವ್ವ ಕೂತಿದ್ದಳು. ಬಸಣ್ಣ ಗಾಬರಿಯಾಗಿ ಕೂಗಿ ಹೇಳಲು ಎದ್ದ. ರೇವವ್ವ ಅವನ ಧೋತರದ ಚುಂಗು ಹಿಡಿದು ಕೂಡಿಸಿದಳು.

“ಸುಮ್ನ ಕುಂಡ್ರಪಾ. ಎಷ್ಟೊತ್ತ ಅಳ್ತಾರ ನೋಡೂಣು.”

ಮಗಳು ಚೆನ್ನಾಗಿಯೇ ಅತ್ತಳು. ತಾಯಿ ಜೋಳ ಬೀಸಿದ್ದು, ಬಾಣಂತನ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ರೇವವ್ವ ತಲೆದೂಗುತ್ತ ಕೇಳಿದಳು. ಸ್ವಲ್ಪ ಹೊತ್ತಿಗೆ ಅಳು ಸಣ್ಣಗಾಗಿ, ಮಣ್ಣಿಗೆ ಹೇಳದೆ ಹೇಗೆ ಮಾಡಿದರು, ಎಂಥ ಮಂದಿ ಇವರು ಎಂಬಲ್ಲಿಗೆ ಬಂದು, ಅಲ್ಲಿಂದ ಮುದ್ದೇಬಿಹಾಳದ ಕಡೆಯ ಆ ಮನೆಯ ಕೀಲಿ ಈಗ ಯಾರ ಹತ್ತಿರ ಇದೆ ಎಂಬಲ್ಲಿಗೆ ಬಂತು. ಆಗ ರೇವವ್ವ ಎದ್ದಳು.

“ನನ್ನ ಹತ್ರ ಐತಿ,” ಎಂದಳು ರಸ್ತೆ ದಾಟಿ.

ಮುಂದೆ ಆದದ್ದನ್ನು ವಿವರಿಸುವುದು ಕಷ್ಟ. ಸುವರ್ಣಾ ತಾಯಿಯನ್ನು ತಬ್ಬಿಕೊಂಡು ಮೊದಲಿಗಿಂತ ಜೋರಾಗಿ ಅತ್ತಳು. ಗಾಡಿಯ ಉಳಿದವರು ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂಬ ಮುಖ ಮಾಡಿ ನಿಂತರು. ಯಂಕಪ್ಪನ ಚಿಂತೆ ಬೇರೆ. ಅವನು ಅತ್ತೆ ತೀರಿಕೊಂಡರೆಂದು ಕಚೇರಿಯಲ್ಲಿ ರಜೆ ಬರೆದುಕೊಟ್ಟು ಬಂದಿದ್ದ. ಅದನ್ನು ಮರಳಿ ಪಡೆಯುವುದು ಹೇಗೆ, ಅತ್ತೆ ಎದ್ದರು ಎಂದು ಬರೆಯಲು ಬರುತ್ತದೆಯೇ ಎಂದು ಅತ್ತೆಯನ್ನೇ ಕೇಳಿದ.

“ತಗೊಂಡಿರು ಅಳಿಯಾ,” ಎಂದಳು ರೇವವ್ವ. “ನಾ ಖರೇನ ಹೋದಾಗ ಮತ್ತ ಕೊಡಾಂಗಿಲ್ಲ ಅವ್ರು. ಆವಾಗ ನೀ ಬರದಿದ್ರೂ ನಡಿತೈತಿ.”

ಸೋಮನಿಂಗನ ಮಾನ ಬಸ್ ನಿಲ್ದಾಣದ ಧೂಳಿನಲ್ಲಿ ಬಿತ್ತು. ಎದುರು ಪಾರ್ಟಿಯವರಿಗೆ ಇದೂ ತಮ್ಮದೇ ಯುಕ್ತಿ ಎನ್ನಿಸಿತು. ಅವನು ಫ್ಲೆಕ್ಸ್ ಇಳಿಸಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಸ್ಟುಡಿಯೋಕ್ಕೆ ಬಂದ. ನಾಳೆ ಸಂಜೆಯೊಳಗೆ ತನ್ನ ತಾಯಿಯ ಖರೆ ಫೋಟೋ ಬರದಿದ್ದರೆ ಈ ಊರಿನಲ್ಲಿ ನಿನ್ನ ಅಂಗಡಿ ಇರುವುದಿಲ್ಲ ಎಂದ. ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೇ ಕಾಂತು ಹೆದರಿದ.

ಅವನ ಜೊತೆ ತಾಂಬಾದ ಸಾಲಿಯಲ್ಲಿ ಕಲಿತ ಪ್ರಿಯದರ್ಶಿನಿ ಸಿಂದಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮೊದಲ ದಿನವೇ ಅವಳ ಹತ್ತಿರ ಹೋಗಬಹುದಿತ್ತು. ಆದರೆ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ, ಲಿನಕ್ಸಿನ ವಿಷಯದಲ್ಲಿ ಯಾರಿಗೆ ಏನು ತೊಂದರೆ ಇದ್ದರೂ ನನ್ನನ್ನು ಕೇಳಿರಿ ಎಂದು ಕಾಂತು ಬರೆದಿದ್ದ. ಪ್ರಿಯದರ್ಶಿನಿ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದಳು.

ಅವಳು ಅದನ್ನು ನೆನಪಿಸಲಿಲ್ಲ. ಡಬ್ಬಿಯನ್ನು ತನ್ನ ಲ್ಯಾಪ್‌ಟಾಪಿಗೆ ಹಚ್ಚಿದಳು. ಅಲ್ಲಿಯೂ ಲಿನಕ್ಸ್ ಇತ್ತು, ಅಲ್ಲಿಯೂ ನಾಲ್ಕು ಸಾಲು ಬಂದವು. ಅವಳು ಮಾಡಿದ ಹೊಸ ಕೆಲಸವೆಂದರೆ ಅವನ್ನು ಪೂರ್ತಿ ಓದಿದ್ದು. ಓದಿ, ಕೊನೆಗೆ ಇದನ್ನು ಎಲ್ಲಿ ಹಚ್ಚಿದ್ದೆ ಎಂದು ಕೇಳಿದಳು.

ಇಲ್ಲೇ ಸಿಂದಗಿಯಲ್ಲಿ, ಆಲ್ಬಮ್ ಛಾಪಿಸುವವರ ಕಂಪ್ಯೂಟರಿಗೆ ಎಂದ ಕಾಂತು.

“ವಿಂಡೋಸೇನು?”

ಕಾಂತು ಕಿಟಕಿಯ ಹೊರಗೆ ನೋಡಿದ.

“ತಗಿಯೂಮುಂದ ಹ್ಯಾಂಗ ತಗದಿ?”

“ಇಂಡಿ ಬಸ್ ಹೊಂಟಿತ್ತು,” ಎಂದ ಕಾಂತು.

ಪ್ರಿಯದರ್ಶಿನಿ ನಗಲಿಲ್ಲ, ಬಿಡಿಸಿ ಹೇಳಿದಳು. ಆ ವಿಂಡೋಸ್ ಡಬ್ಬಿಯ ಮೇಲಿನ ಕೆಲಸ ಮುಗಿಸಿ ಮುಚ್ಚುವ ಮೊದಲೇ ಇವನು ಕಿತ್ತುಕೊಂಡು ಓಡಿದ್ದಾನೆ. ಡಬ್ಬಿಯೊಳಗೆ ಇನ್ನೂ ಕೆಲಸ ನಡೆದಿದೆ ಎಂಬ ಗುರುತು ಹಾಗೇ ಉಳಿದಿದೆ. ಲಿನಕ್ಸ್ ಆ ಗುರುತನ್ನು ನೋಡಿ, ಇನ್ನೊಬ್ಬರ ಕೈಯಲ್ಲಿರುವುದನ್ನು ಮುಟ್ಟಿ ಕೆಡಿಸಬಾರದೆಂದು ಹಿಂದೆ ಸರಿಯುತ್ತಿದೆ. ಯಾವುದಾದರೂ ವಿಂಡೋಸ್ ಕಂಪ್ಯೂಟರಿಗೆ ಒಮ್ಮೆ ಹಚ್ಚಿ, ನೆಟ್ಟಗೆ ಹೊರತೆಗೆದಿದ್ದರೂ ಸರಿಯಾಗುತ್ತಿತ್ತು. ನಿಮ್ಮ ಅಂಗಡಿ ಸಾಲಿನಲ್ಲಿ ಯಾರ ಹತ್ತಿರವೂ ಇರಲಿಲ್ಲವೇ ಎಂದು ಕೇಳಿದಳು. ಕಾಂತುವಿಗೆ ಅಶ್ಫಾಕ ಎದ್ದುಹೋದದ್ದು ಕಣ್ಣಿಗೆ ಕಟ್ಟಿತು. ಯಾರ ಹತ್ತಿರವೂ ಇರಲಿಲ್ಲ ಎಂದ.

ಅವಳು ಒಂದು ಸಾಲು ಟೈಪಿಸಿ ಒತ್ತಿದಳು. ಡಬ್ಬಿ ಒಳಗೆ ಬಂದು ಕೂತಿತು. ಸಂಜೀವಕುಮಾರ ಬರೆದ ಸಾಲನ್ನು ಅಳಿಸುವುದು ಹೇಗೆಂದೂ ತೋರಿಸಿದಳು.

ಪಲ್ಲವಿಯ ಮದುವೆಯ ಫೋಟೋಗಳನ್ನು ಕಾಂತು ಅಲ್ಲೇ ಕೂತು ನೋಡಿದ. ಶೇವಂತೆವ್ವ ಬಹಳ ಕಡೆ ಇದ್ದಳು, ಮತ್ತು ಬಹಳ ಕಡೆ ಸೆರಗೆಳೆದಿದ್ದಳು. ಮುಖ ತೆರೆದದ್ದು ಒಂದೇ ಫೋಟೋದಲ್ಲಿ. ಮದುಮಕ್ಕಳ ಹಿಂದೆ ಕುರ್ಚಿಯಲ್ಲಿ ಕೂತು, ಹುಬ್ಬು ಗಂಟಿಕ್ಕಿ, ಕ್ಯಾಮೆರಾ ಬಿಟ್ಟು ಎಡಗಡೆ ಎಲ್ಲೋ ನೋಡುತ್ತಿದ್ದಳು.

ಸಂಜೆ ಅದನ್ನು ಛಾಪಿಸಿ ತಂದಾಗ ಸೋಮನಿಂಗ ಕಣ್ಣೊರೆಸಿಕೊಂಡು, ಇದೇ ನಮ್ಮವ್ವ ಎಂದ. ದಿನಕರ್ಮ ಆ ಫೋಟೋದ ಮುಂದೆಯೇ ನಡೆಯಿತು. ಎಡೆ ಹಿಡಿದರು. ಹುಬ್ಬು ಗಂಟಿಕ್ಕಿಕೊಂಡೇ ಶೇವಂತೆವ್ವ ಎಡೆಯನ್ನು ಬಿಟ್ಟು ಎಡಗಡೆ ನೋಡುತ್ತಿದ್ದಳು.

ಮಾರನೆಯ ದಿನ ರೇವವ್ವ ಊರಿಗೆ ಹೊರಟಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟುಡಿಯೋಕ್ಕೆ ಬಂದು ಸ್ಟೂಲಿನ ಮೇಲೆ ಕೂತಳು. ಅಕ್ಕನ ಫೋಟೋದ ಇನ್ನೊಂದು ಪ್ರತಿಯನ್ನು ಕಾಂತು ಅವಳಿಗೆಂದೇ ಕಟ್ಟು ಹಾಕಿಸಿ ಇಟ್ಟಿದ್ದ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಎತ್ತಾಗ ನೋಡಾಕತ್ತಾಳಪಾ ಇಕಿ?” ಎಂದು ಕೇಳಿದಳು.

ಹಂದರದ ಆ ತುದಿಗೆ ರೇವವ್ವ ಕೂತಿದ್ದಳೆಂದು ಕಾಂತುವಿಗೆ ಗೊತ್ತಿತ್ತು. ಆದರೆ ಆ ತುದಿ ಬಲಗಡೆ ಇತ್ತು. ಎಡಗಡೆ ಏನಿತ್ತೆಂದು ಮುಂದಿನ ಫೋಟೋಗಳಲ್ಲಿ ಅವನು ನೋಡಿದ್ದ. ನಿಮ್ಮ ಕಡೆ ಆಯಿ ಎನ್ನಲು ಬಾಯಿ ತೆರೆದ.

“ಸುಳ್ಳ ಹೇಳಬ್ಯಾಡ,” ಎಂದಳು ರೇವವ್ವ. “ಅಲ್ಲಿ ಊಟದ ಪಂಕ್ತಿ ಕೂಡಾಕತ್ತಿತ್ತು. ನಾನೂ ಅತ್ತಾಗ ನೋಡಾಕತ್ತಿದ್ನಿ. ಅಕಿ ಎದ್ದಮ್ಯಾಲ ಏಳೂಣಂತ.”

ಕಟ್ಟು ಹಾಕಿದ ಫೋಟೋವನ್ನು ಅವಳು ಮೇಜಿನ ಮೇಲಿಟ್ಟಳು. ಇನ್ನೊಂದು ಕೊಡು ಎಂದಳು. ಯಾವುದು ಎಂದು ಕಾಂತುವಿಗೆ ಮೊದಲು ತಿಳಿಯಲಿಲ್ಲ. ಕನ್ನಡಿ ಮುಂದ ತಗದಿದ್ದು, ಅದರಾಗ ಅಕಿ ನನ್ನ ನೋಡ್ತಾಳ ಎಂದಳು. ಫ್ಲೆಕ್ಸಿನ ಜೊತೆಗೇ ಇಂಡಿಯಲ್ಲಿ ಛಾಪಿಸಿ ತಂದ ಒಂದು ಸಣ್ಣ ಪ್ರತಿ ಖಾನೆಯಲ್ಲಿ ಬಿದ್ದಿತ್ತು. ಕಾಂತು ಅದನ್ನು ಕೊಟ್ಟ. ಆದರೂ ಬದುಕಿದ್ದವರು ತಮ್ಮದೇ ಮುಖವನ್ನು ಸತ್ತವರ ಫೋಟೋ ಎಂದು ಗೋಡೆಗೆ ಹಾಕಿಕೊಳ್ಳುವುದು ಹೇಗೆಂದು ಅವನಿಗೆ ಕಸಿವಿಸಿಯಾಯಿತು. ಅದನ್ನು ಹೇಳಿಯೂ ಹೇಳಿದ. ರೇವವ್ವ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

“ಇರ್ಲಿ ಬಿಡು ತಮ್ಮಾ. ಸುವರ್ಣಾ ಅತ್ತಿದ್ದೂ ಆತು. ಮುಂದ ನಂದು ಬಂದಾಗ ನೀವ್ಯಾರೂ ಡಬ್ಬಿ ಬಡದಾಡೂದು ಬ್ಯಾಡ. ಇದ ಒಂದ ಇಬ್ಬರಿಗೂ ಸಾಕ.”